ಸರಳ ಸಾಲಿನ ಕಲ್ಲುಗಳು

ಅಥಣಿ ಕಡೆಯ ನಮ್ಮೂರಿನ ಹೊರಗೆ ಮಾಜಿ ಸೈನಿಕರಿಗೆಂದೇ ಸರ್ಕಾರ ಬಿಟ್ಟುಕೊಟ್ಟ ರುದ್ರಭೂಮಿ ಇತ್ತು. ಅಪ್ಪನನ್ನು ಅಲ್ಲೇ ಮಣ್ಣು ಮಾಡಿದ್ದೆವು. ವರ್ಷಕ್ಕೊಮ್ಮೆ ಅದನ್ನು ತಪಾಸಣೆ ಮಾಡಿ ರಜಿಸ್ಟರಿನಲ್ಲಿ ಬರೆಯಬೇಕಾದ ಗುಮಾಸ್ತ ನಾನೇ. ಆದರೆ ನಾನು ಕುರ್ಚಿ ಬಿಟ್ಟು ಎದ್ದವನಲ್ಲ. ‘ಕಲ್ಲುಗಳು ಆಯಾ ಸಮಾಧಿಯ ಮೇಲೆಯೇ ಇವೆ’ ಎಂದು ಹಿಂದಿನ ವರ್ಷದ ಮಾತನ್ನೇ ಮತ್ತೆ ಬರೆದು ಸಹಿ ಹಾಕುತ್ತಿದ್ದೆ.

ಎಂಬತ್ತರ ದಶಕದ ಕೊನೆಗೆ ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಗುತ್ತಿಗೆದಾರನೊಬ್ಬ ಎರಡೇ ದಿನದಲ್ಲಿ ಕಲ್ಲುಗಳನ್ನೆಲ್ಲ ಕಿತ್ತು, ಸುಣ್ಣ ಬಳಿದು, ಹಗ್ಗ ಹಿಡಿದು ಮತ್ತೆ ನೆಟ್ಟ.

“ಮಿಲಿಟರಿ ಮಂದೀದು ನೋಡ್ರಿ, ಸಾಲು ಸರಳ ಇರಬೇಕು,” ಎಂದ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಅಂಗೈಯಲ್ಲಿ ಲಿಂಗವಿಟ್ಟು ಗುಣಿಯಲ್ಲಿ ಕೂರಿಸುತ್ತೇವೆ. ಮಲಗಿಸಿದವರ ಸಮಾಧಿಗಾದರೆ ಉದ್ದಗಲ ಇರುತ್ತದೆ. ಕೂರಿಸಿದವರ ಗುರುತು ಆ ಒಂದು ಕಲ್ಲು ಮಾತ್ರ. ಅದು ಒಂದು ಮಾರು ಸರಿದರೆ ಮುಗಿಯಿತು. ಸಾಹೇಬರೇನೋ ಬರಲೇ ಇಲ್ಲ.

ಆ ವರ್ಷದ ಪುಣ್ಯತಿಥಿಗೆ ಹೋದಾಗ ಅವ್ವ ಕಲ್ಲಿಗೆ ವಿಭೂತಿ ಹಚ್ಚಲು ಬಗ್ಗಿದವಳು ಕೈ ಹಿಂದೆ ತೆಗೆದಳು.

“ತಮ್ಮಾ, ನಿಮ್ಮಪ್ಪ ಬೇವಿನ ಗಿಡದ ಬುಡಕ್ಕ ಕುಂತಾರ. ಇದರ ಕೆಳಗ ಯಾರ ಅದಾರೋ ಏನೋ. ಮೈ ಝುಮ್ ಅಂತೈತಿ.”

“ಸುಮ್ಮನಿರಬೇ, ಎಲ್ಲಾ ಬರದಿಟ್ಟೈತಿ,” ಎಂದು ಗದರಿದೆ. ನಾಚಿಕೆಗೆಟ್ಟವನು ನಾನು. ಅವಳು ಮತ್ತೆ ಆ ಕಲ್ಲು ಮುಟ್ಟಲಿಲ್ಲ. ಪ್ರತಿ ವರ್ಷ ಬೇವಿನ ಕಡೆ ನೋಡುತ್ತ ನಿಲ್ಲುತ್ತಿದ್ದಳು. “ನಾ ಸತ್ತರ ಅವರ ಮಗ್ಗಲಕ್ಕ ಇಡು. ಪರರ ಮಗ್ಗಲಕ್ಕ ಇಡಬ್ಯಾಡ,” ಎನ್ನುತ್ತಿದ್ದಳು.

ಕಲ್ಲು ನೆಟ್ಟ ಆ ವರ್ಷವೇ, ಪುಣ್ಯತಿಥಿಯಾದ ಕೆಲವು ದಿನಗಳ ಮೇಲೆ, ಕಾಗವಾಡದ ಒಬ್ಬ ಮುದಿ ಹವಾಲ್ದಾರ ಕಚೇರಿಗೆ ಬಂದ. ಅವನ ತಮ್ಮನೂ ಅದೇ ರುದ್ರಭೂಮಿಯಲ್ಲಿ ಮಣ್ಣಾಗಿದ್ದ. “ಕಲ್ಲು ಸರದಂಗ ಕಾಣ್ತೈತ್ರಿ. ರಜಿಸ್ಟರ ಒಮ್ಮಿ ತೋರಸ್ರಿ.”

“ಅದು ಸರ್ಕಾರಿ ಕಾಗದ. ಹಂಗ ಎಲ್ಲಾರಿಗೂ ತೋರಸಾಕ ಬರೂದಿಲ್ಲ,” ಎಂದೆ. ಅವನು ಹೊರಟುಹೋದ.

ಐದಾರು ವರ್ಷಗಳ ಮೇಲೆ ಅವ್ವ ತೀರಿಕೊಂಡಳು. ಅಪ್ಪನ ಕಲ್ಲಿನ ಪಕ್ಕ, ಬೇವಿನ ಕಡೆಗೆ, ಖಾಲಿ ಎಂದುಕೊಂಡ ಜಾಗದಲ್ಲಿ ಗುಣಿ ತೋಡಿಸಿದೆ. ಎದೆಮಟ್ಟ ಇಳಿಯುತ್ತಲೇ ಮಣ್ಣು ಒಮ್ಮೆಲೇ ಒಳಗೆ ಕುಸಿಯಿತು. ತೋಡುತ್ತಿದ್ದವನು ಹಾರಿ ಮೇಲೆ ಬಂದ. ಒಳಗೆ ಒಬ್ಬರು ಕುಳಿತಿದ್ದರು. ಎಲುಬುಗಳ ನಡುವೆ ಲಿಂಗ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ. ಅದರ ಮುಚ್ಚಳದ ಮೇಲಿನ ನಗ್ಗು ನನಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಅದನ್ನು ಕಲ್ಲಿನ ಮೇಲೆ ಬೀಳಿಸಿ ಅಪ್ಪನಿಂದ ಹೊಡೆಸಿಕೊಂಡವನು ನಾನೇ.

ಅಪ್ಪನ ಗುಣಿ ಮುಚ್ಚಿ, ಪಕ್ಕದಲ್ಲಿ ಬೇರೆ ತೋಡಿ ಅವ್ವನನ್ನು ಕೂರಿಸಿದೆವು. ಅಪ್ಪನ ಹೆಸರಿನ ಕಲ್ಲು ಇನ್ನೂ ಯಾರದೋ ತಲೆಯ ಮೇಲೆ ನಿಂತಿತ್ತು. ಮಣ್ಣಿಗೆ ಬಂದಿದ್ದ ಆ ಹವಾಲ್ದಾರ ಸಾಲಿನ ಒಂದೊಂದೇ ಕಲ್ಲಿನ ಮುಂದೆ ನಿಂತು, ಕೊನೆಗೆ ನನ್ನ ಹತ್ತಿರ ಬಂದ.

“ಸಾಹೇಬ್ರ, ಹಂಗಾರ ನನ್ನ ತಮ್ಮ ಎಲ್ಲಿ ಅದಾನ್ರಿ? ಈಗರೆ ರಜಿಸ್ಟರ ತೋರಸ್ರಿ.”

ಮರುದಿನ ತೋರಿಸಿದೆ. ಪ್ರತಿ ಪುಟದಲ್ಲೂ ಅದೇ ಒಂದು ಸಾಲು, ಕೆಳಗೆ ನನ್ನ ಸಹಿ.