ಏರಿ ಇಲ್ಲದ ಕೋಡಿ

ನಮ್ಮ ಅವ್ವ ಯಾರನ್ನೂ ನಂಬಿದವಳಲ್ಲ. ಹೆತ್ತ ಮಗನನ್ನಂತೂ ಮೊದಲೇ ಇಲ್ಲ. ತನ್ನ ಅಸ್ಥಿಯನ್ನು ರಾಮೇಶ್ವರದ ಸಮುದ್ರದಲ್ಲೇ ಬಿಡಬೇಕೆಂದು ಅಪ್ಪ ಸಾಯುವಾಗ ಕೇಳಿಕೊಂಡಿದ್ದ. ಹೆಂಡತಿಗೆ ಮನೆ ಒಪ್ಪಿಸಿ ನಾನು ಹೊರಟು ನಿಂತರೆ ಅವ್ವನೂ ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿದಳು. ಮೊಳಕಾಲ್ಮೂರಿನ ಮಗರಾಯನೊಬ್ಬ ತನ್ನ ಅಪ್ಪನ ಅಸ್ಥಿಯನ್ನು ವೇದಾವತಿಗೆ ಹಾಕಿ, ರಾಮೇಶ್ವರಕ್ಕೆ ಹೋಗಿ ಬಂದೆನೆಂದು ಊರಿಗೆಲ್ಲ ಊಟ ಹಾಕಿಸಿದ್ದನಂತೆ. ನಾನೂ ಅದೇ ಜಾತಿಯವನೆಂದು ಅವಳ ಲೆಕ್ಕ. ಸಿಟ್ಟು ನೆತ್ತಿಗೇರಿದರೂ ಅವಳ ಬುತ್ತಿ ಗಂಟನ್ನು ನಾನೇ ಹೊತ್ತೆ.

ಆಗ ರಾಮೇಶ್ವರಕ್ಕೆ ಸೇತುವೆ ಇರಲಿಲ್ಲ. ರಾಯದುರ್ಗದಲ್ಲಿ ರೈಲು ಹತ್ತಿದಾಗಿನಿಂದ ಕೊನೆಯ ದೋಣಿ ಇಳಿಯುವ ತನಕ ಅಸ್ಥಿಯ ಮಡಕೆ ಅವಳ ಮಡಿಲಲ್ಲೇ ಇತ್ತು. ನಮಗೆ ಬರುವ ಕನ್ನಡ, ತೆಲುಗು ಎರಡೂ ನಡೆಯದ ಸೀಮೆ ಬಂದ ಮೇಲೆ, ಪಕ್ಕದವರು ನಕ್ಕರೂ ತನಗೇ ಮೋಸ ಮಾಡಲು ಹೊಂಚುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು.

ಕಡೆಗೆ ತಲುಪಿದ್ದು ಎರಡೂ ಕಡೆ ನೀರಿದ್ದು, ನಡುವೆ ಸಣ್ಣಗಾಗುತ್ತ ಹೋಗುವ ಮರಳ ದಾರಿಗೆ. ರಾಮೇಶ್ವರದಲ್ಲಿ ಜೊತೆಯಾದ ಪುರೋಹಿತರಿಗೆ ಚೂರುಪಾರು ಕನ್ನಡ ಬರುತ್ತಿತ್ತು. "ಇದೇ ಧನುಷ್ಕೋಡಿ. ಅಸ್ಥಿ ಬಿಡೋದು ಇಲ್ಲೇ," ಎಂದರು.

ಅವ್ವ ಮಡಕೆಯನ್ನು ಎದೆಗವಚಿಕೊಂಡಳು. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಕೋಡಿ ಎಂದರೆ ತುಂಬಿದ ಕೆರೆಯ ನೀರು ಹೊರಗೆ ಹರಿಯುವ ಜಾಗ.

"ಕೋಡಿ ಇರೋದು ಕೆರೆಗೆ. ಸಮುದ್ರ ಯಾವತ್ತು ಕೋಡಿ ಬಿದ್ದೈತೆ? ಯಾವ್ದೋ ಕೆರೆ ತೋರ್ಸಿ ಟೋಪಿ ಹಾಕಾಕೆ ನೋಡ್ತಾನೆ ಈ ಪುರೋಹಿತ."

ಕೋಡಿ ಎಂದರೆ ಇಲ್ಲಿ ತುದಿ ಎಂದು ಪುರೋಹಿತರು ಹೇಳಿದ್ದು ಅವಳ ಕಿವಿಗೆ ಹೋಗಲಿಲ್ಲ.

"ಬಾಯಿಗೆ ಹಾಕ್ಕೊಂಡು ನೋಡವ್ವ, ಉಪ್ಪು," ಎಂದೆ.

"ನಮ್ಮ ಸವಳು ಬಾವಿ ನೀರೂ ಉಪ್ಪೇ."

"ಕೆರೆ ಆದ್ರೆ ನೀರು ತಡೆಯೋ ಏರಿ ಎಲ್ಲೈತೆ?"

ಅವಳು ಏರಿ ಹುಡುಕಲು ಹೊರಟೇಬಿಟ್ಟಳು! ಕಾದ ಮರಳಲ್ಲಿ ನಾನು ಮನಸ್ಸಿನಲ್ಲೇ ಬೈಯುತ್ತ ಹಿಂದೆ ನಡೆದೆ. ಬಲಗಡೆ ಅಲೆಗಳು ಅಬ್ಬರಿಸುತ್ತಿದ್ದವು. ಎಡಗಡೆಯ ನೀರು ಮಾತ್ರ ಅಲುಗದೆ ಮಲಗಿತ್ತು. ಅದನ್ನು ಕಂಡು ನನಗೂ ಒಳಗೊಳಗೇ ಅನುಮಾನ ಶುರುವಾಯಿತು.

ತುದಿಯಲ್ಲಿ ಎರಡು ನೀರೂ ಕೂಡಿದ್ದವು. ಆಚೆ ಬರೀ ಆಕಾಶ. ಅವ್ವ ಬಹಳ ಹೊತ್ತು ನಿಂತು ನೋಡಿದಳು.

"ಏರಿ ಇಲ್ಲ," ಎಂದು ಮಡಕೆ ನನ್ನ ಕೈಗೆ ಕೊಟ್ಟಳು. ನಾನು ಸೊಂಟದ ಮಟ್ಟ ಇಳಿದು ಅಪ್ಪನನ್ನು ನೀರಿಗೆ ಬಿಟ್ಟೆ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ದಡಕ್ಕೆ ಬಂದಾಗ ಕೇಳಿದಳು: "ನಿಮ್ಮಪ್ಪನ ಜೊತೆ ನಾನು ಬಂದೆ. ನನ್ನ ಅಸ್ಥಿ ತರುವಾಗ ನಿನ್ನ ಕಾಯಾಕೆ ಯಾರು ಬರ್ತಾರೆ?"

ಸಮುದ್ರದ ನೀರನ್ನೇ ಬೊಗಸೆಯಲ್ಲಿ ಹಿಡಿದು, ಅವಳನ್ನೂ ಇಲ್ಲಿಗೇ ತರುತ್ತೇನೆಂದು ಆಣೆ ಮಾಡಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಆವಾಗ ನಿನ್ನ ಹೆಂಡ್ತೀನ ಕರ್ಕೊಂಡು ಬಾ," ಎಂದಳು. "ಅವಳು ಬಂದ್ರೆ ನಂಬ್ತೀನಿ."