ನಿದ್ದೆಗಣ್ಣಿನ ನಡಿಗೆಗೆ ಹಿಡಿಕೆ ಹಾಕುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಚ್ಚಲುಮನೆಯ ಬಾಗಿಲ ಪಕ್ಕ ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ಕೂತಿದ್ದಾರೆ, ಮಡಿಲಲ್ಲಿ ಡ್ರಿಲ್ಲಿಂಗ್ ಮಷಿನ್. ಕೋಣೆಯಿಂದ ಅಜ್ಜಿಯೊಬ್ಬರು ನಿದ್ದೆಗಣ್ಣಲ್ಲೇ ಕಾಲೆಳೆದುಕೊಂಡು ಬರುತ್ತಾರೆ. ಅವರ ಅಂಗೈಗಳಿಗೆ ಸೀಮೆಸುಣ್ಣದ ಪುಡಿ ಮೆತ್ತಿದೆ. ಎದ್ದು ಕೂತ ಕೂಡಲೇ ಮಗಳು ಅದನ್ನು ಹಚ್ಚಿ ಅಡುಗೆಮನೆಗೆ ಸರಿದಿದ್ದಾರೆ. ಈ ಹೆಂಗಸಿನ ಕೆಲಸದ ಬಗ್ಗೆ ಬರೆಯಲು ಬಂದ ನಾನೂ ಅಲ್ಲೇ ಮರೆಯಲ್ಲಿದ್ದೇನೆ. ಅಜ್ಜಿ ಆಸರೆಗೆ ಕೈಯಿಟ್ಟಲ್ಲೆಲ್ಲ ಬಿಳಿ ಗುರುತು ಬೀಳುತ್ತದೆ. ಬಚ್ಚಲೊಳಗೆ ನಲ್ಲಿಯಿಂದ ಒಂದು ಗೇಣು ಮೇಲೆ ಕೈ ಗಟ್ಟಿಯಾಗಿ ಊರುತ್ತದೆ.

"ಅಬ್ಬಾ, ಸಿಕ್ತು ಜಾಗ!" ಎಂದು ಎದ್ದು ನಿಲ್ಲುತ್ತಾರೆ ಹಿಡಿಕೆ ಅಕ್ಕ.

ಸುತ್ತಲಿನ ಬೀದಿಗಳಲ್ಲಿ ಅವರನ್ನು ಕರೆಯುವುದೇ ಹಾಗೆ. ವಯಸ್ಸಾದವರ ಮನೆಗಳಲ್ಲಿ ಗೋಡೆಗೆ ಹಿಡಿಕೆ ಕೂರಿಸುವುದು, ಜಾರುವ ನೆಲಕ್ಕೆ ಒರಟು ಪಟ್ಟಿ ಅಂಟಿಸುವುದು, ಎಡವುವ ಹೊಸ್ತಿಲು ತಗ್ಗಿಸುವುದು, ಮಂಚದಿಂದಲೇ ಕೈಗೆಟಕುವಂತೆ ಸ್ವಿಚ್ ಇಳಿಸುವುದು ಅವರ ಕೆಲಸ. ದಿನಕ್ಕೆ ಒಂದು ಮನೆ, ಹೆಚ್ಚೆಂದರೆ ಎರಡು. ಮೊದಲು ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಿದ್ದರು.

"ಬಿದ್ದೋರನ್ನ ಎತ್ತಿ ಎತ್ತಿ ಸಾಕಾಗಿತ್ತು ಕಣ್ರೀ. ಬೀಳದ ಹಾಗೆ ಏನಾದ್ರೂ ಮಾಡೋಣ ಅಂತ ಮಷಿನ್ ಹಿಡಿದೆ. ಮೊದಮೊದಲು ಬಾಗಿಲು ತೆಗೆದೋರೆಲ್ಲ ನನ್ನ ಹಿಂದೆ ಇಣುಕೋರು, ಮೇಸ್ತ್ರಿ ಎಲ್ಲಿ ಅಂತ. ನಾನೇ ಮೇಸ್ತ್ರಿ ಅಂದ್ರೆ ನಗೋರು. ಮಷಿನ್ ಶುರು ಮಾಡಿದ ಮೇಲೆ ನಗು ನಿಲ್ಲೋದು."

ಈ ಅಜ್ಜಿ ಇಡೀ ಬೀದಿಗೆ ಬಟ್ಟೆ ಹೊಲಿದುಕೊಟ್ಟ ಟೈಲರ್. ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಅಂದಿನಿಂದ ಮಗಳು ಬಾಗಿಲು ಹಾಕಿಕೊಳ್ಳಲು ಬಿಟ್ಟಿಲ್ಲ, ತಾವೇ ನಿಂತು ಸ್ನಾನ ಮಾಡಿಸುತ್ತಾರೆ. ಬಸ್ ಕಂಡಕ್ಟರಾದ ಅವರಿಗೆ ಕೆಲಸಕ್ಕೆ ದಿನವೂ ತಡ. ಅಜ್ಜಿಯ ಸಂಕಟವೇ ಬೇರೆ. "ಹೆತ್ತ ಮಗಳೇ ಇರ್ಲಿ, ಬಾಗಿಲು ತೆರೆದಿಟ್ಟು ಸ್ನಾನ ಮಾಡೋದು ಅಂದ್ರೆ ನಾಚಿಕೆಗೆ ಜೀವ ಹೋಗುತ್ತೆ," ಎನ್ನುತ್ತಾರೆ.

ಅಕ್ಕ ನಿನ್ನೆ ಮಧ್ಯಾಹ್ನವೂ ಬಂದಿದ್ದರು, ಇದೇ ಪುಡಿ ಹಚ್ಚಿ ನಡೆಸಿದ್ದರು. ಮಗಳು, ಪಕ್ಕದ ಮನೆಯವರು ಎಲ್ಲ ಸುತ್ತ ನಿಂತಿದ್ದರು. ಅಜ್ಜಿಗೆ ಎಲ್ಲಿಲ್ಲದ ಹುರುಪು! ಬೆನ್ನು ನೆಟ್ಟಗೆ ಮಾಡಿ ದಡದಡ ನಡೆದೇಬಿಟ್ಟರು. ಕೈ ತಾಗಿದ್ದು ಬಾಗಿಲ ಬಳಿ ಮಾತ್ರ. ಅಕ್ಕ ಅಲ್ಲೇ ಹಿಡಿಕೆ ಕೂರಿಸಿ ಹೊರಟರು. ಸಂಜೆ ಸ್ನಾನದ ಹೊತ್ತಿಗೆ ಅಜ್ಜಿಯ ಕೈ ಹೋಗಿದ್ದು ಒಳಗಿನ ಟವೆಲ್ ಸರಳಿಗೆ. ಅದು ಕಿತ್ತು ಬಂತು. ಮಗಳು ಹಿಡಿದುಕೊಂಡದ್ದಕ್ಕೆ ಬಚಾವು.

"ನಂದೇ ತಪ್ಪು. ನಾಲ್ಕು ಜನರ ಮುಂದೆ ನಡೆಸಬಾರದಿತ್ತು," ಎಂದು ಅಕ್ಕ ಕೈ ಹಿಸುಕಿಕೊಳ್ಳುತ್ತಾರೆ.

ಅಜ್ಜಿ ಬಿಡಬೇಕಲ್ಲ! "ಸಾಕು ಸುಮ್ನಿರೇ. ನಾನು ಅಳತೆ ತಗೊಳ್ಳೋವಾಗ ಎಲ್ಲರೂ ಹೊಟ್ಟೆ ಒಳಗೆಳ್ಕೊಳ್ಳೋರು. ಆಮೇಲೆ ಬಟ್ಟೆ ಬಿಗಿ ಅಂತ ನನ್ನನ್ನೇ ಬೈಯೋರು. ಈಗ ನಾನೂ ಅದನ್ನೇ ಮಾಡಿದೆ ನೋಡು." ಅಡುಗೆಮನೆಯಿಂದ ಬಂದ ಮಗಳೂ ಸೇರಿ ಮೂವರೂ ಬಿದ್ದು ಬಿದ್ದು ನಗುತ್ತಾರೆ.

ಬಿಳಿ ಗುರುತಿನ ಮೇಲೆ ತೂತು ಬೀಳುತ್ತದೆ, ಹಿಡಿಕೆ ಕೂರುತ್ತದೆ. ಅಕ್ಕ ತಮ್ಮ ಇಡೀ ಭಾರ ಬಿಟ್ಟು ಅದಕ್ಕೆ ಜೋತುಬಿದ್ದು ನೋಡುತ್ತಾರೆ. ಬೇಕಾದಾಗ ಹೊರಗಿನಿಂದಲೂ ತೆಗೆಯಲು ಬರುವಂಥ ಚಿಲಕ ಹಾಕುತ್ತಾರೆ.

ಅಜ್ಜಿ ಟವೆಲ್ ಹೆಗಲಿಗೇರಿಸಿ ಒಳಗೆ ಹೋಗುತ್ತಾರೆ. ಚಿಲಕ ಬೀಳುತ್ತದೆ. ಯೂನಿಫಾರ್ಮ್ ತೊಟ್ಟ ಮಗಳು ಬಾಗಿಲಿಗೆ ಕಿವಿಯಾನಿಸಿ, "ಅಮ್ಮಾ, ಹಿಡ್ಕೊಂಡಿದೀಯಾ?" ಎನ್ನುತ್ತಾರೆ. ನೀರು ಸುರಿಯುವ ಸದ್ದಷ್ಟೇ.

"ಹಿಡ್ಕೊಂಡಿದೀನಿ ಕಣೇ! ಬಾಗಿಲು ಕಾಯೋಕೆ ನೀನೇನು ವಾಚ್‌ಮನ್ನಾ? ಬಸ್ ಹೊರಡುತ್ತೆ, ನಡಿ ಅತ್ಲಾಗೆ!"

ಮಗಳ ಕಣ್ಣು ತುಂಬುತ್ತದೆ. ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಓಡುತ್ತಾರೆ. ನಾನೂ ನಿರಾಳವಾಗಿ ಉಸಿರು ಬಿಡುತ್ತೇನೆ.

ಇಷ್ಟು ಕೆಲಸ ಮಾಡಿಯೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಬೇಸರವಿಲ್ಲವೇ ಎಂದು ಅಕ್ಕನನ್ನು ಕೇಳುತ್ತೇನೆ. ಅವರು ನೆಲದ ಮೇಲಿನ ಗಾರೆಪುಡಿ ಗುಡಿಸುತ್ತಲೇ ಬಚ್ಚಲಿನ ಕಡೆ ತಲೆಯಾಡಿಸುತ್ತಾರೆ.

"ಹೆಂಗೆ ಗದರಿದ್ರು ಕೇಳಿದ್ರಲ್ಲ? ನಿನ್ನೆವರೆಗೂ ಮಗಳ ಹತ್ರ ಹೆದರಿ ಹೆದರಿ ಮಾತಾಡ್ತಿದ್ರು ಕಣ್ರೀ."