ಮನೆಗೆ ಬನ್ನಿ ಎಂದ ತಪ್ಪಿಗೆ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಇಮ್ಯಾಜಿನೇಶನ್ ಎನ್ನುವುದು ಕಾಂಪೊಸಿಷನ್ ಪೀರಿಯಡ್ಡಿಗೆ ಮಾತ್ರ ಎಂದು ನಮ್ಮ ಸಿಸ್ಟರ್ ಹೇಳಿದ್ದನ್ನು ಎಪ್ಪತ್ತು ದಾಟಿದ ಮೇಲೂ ನಂಬಿಕೊಂಡಿದ್ದೆ. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಬೇಸಿಗೆ. ನಮ್ಮವರು ತೀರಿಕೊಂಡ ಮೇಲೆ ನಾನು ಜರ್ಮನಿಯ ವಾಲ್‌ಡಾರ್ಫ್‌ನಲ್ಲಿ ಮಗಳು ವಿದ್ಯಾಳ ಮನೆಯಲ್ಲೇ ಇದ್ದೇನೆ. ಅವಳೂ ಅಳಿಯ ಪ್ರಸನ್ನನೂ ಆಫೀಸಿಗೆ ಹೋಗುವವರು. ಮೊಮ್ಮಗಳು ಇಳಾಗೆ ಆಗ ಆರು ವರ್ಷ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜರ್ಮನ್‌ನಲ್ಲಿ, ಇಲ್ಲವೇ ಹರಕು ಇಂಗ್ಲಿಷಿನಲ್ಲಿ. ಆ ರಜೆಯಲ್ಲಿ ಕಾರಿನಲ್ಲಿ ಇಡೀ ದಿನ ಉತ್ತರಕ್ಕೆ ಹೋಗಿ, ಗಡಿ ದಾಟಿ, ಡೆನ್ಮಾರ್ಕಿನ ಒಂದು ಸಣ್ಣ ಊರು ಸೇರಿದೆವು. ಡಿಸೈನಿಗೆ ಹೆಸರಾದ ಊರಂತೆ. ಅಂಗಡಿಯ ಗಾಜಿನ ಹಿಂದೆ ಒಂದೇ ಒಂದು ಕುರ್ಚಿಯನ್ನು ದೇವರ ಹಾಗೆ ಕೂರಿಸಿ ಮೇಲೊಂದು ದೀಪ ಹಾಕಿರುತ್ತಾರೆ. ನೋಡಲು ಲವ್ಲಿ, ಕೂತರೆ ನನ್ನ ಮಂಡಿಗೆ ಏಳಲಾಗದು. ಬೀದಿ ಮುಗಿದಲ್ಲಿ ಕಾಡು, ಕಾಡು ಮುಗಿದಲ್ಲಿ ಸರೋವರ. ಅಷ್ಟು ಬೆಳಕಿನ ಊರಿನಲ್ಲಿ ಆ ನೀರು ಮಾತ್ರ ಕಪ್ಪಗಿತ್ತು.

ಎರಡನೆಯ ದಿನ ಸಂಜೆ ಏಳಾದರೂ ಮಧ್ಯಾಹ್ನದಂಥ ಬಿಸಿಲು. ಮಗಳು, ಅಳಿಯ ದೀಪದ ಅಂಗಡಿಗೆ ಹೋಗಿದ್ದರು. ನಾನೂ ಇಳಾಳೂ ನೀರಿನ ಪಕ್ಕದ ಬೆಂಚಿಗೆ ಬಂದೆವು. ಅಲ್ಲಿ ಆಗಲೇ ಒಬ್ಬಾಕೆ ಕೂತಿದ್ದರು. ನನ್ನದೇ ವಯಸ್ಸು. ಆ ಬಿಸಿಲಿನಲ್ಲೂ ಬೂದು ಬಣ್ಣದ ಕೋಟಿಗೆ ಕತ್ತಿನವರೆಗೆ ಗುಂಡಿ ಹಾಕಿಕೊಂಡಿದ್ದರು. ಪುಸ್ತಕದಿಂದ ಕಲಿತಂಥ ಇಂಗ್ಲಿಷು. ಹವೆಯ ಬಗ್ಗೆ ಎರಡು ಮಾತಾಡಿದರು. ಕಣ್ಣು ಮಾತ್ರ ಇಳಾಳ ಮೇಲೆ. ಮಗುವಿಗೆ ಈಜು ಬರುತ್ತದೆಯೇ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

ಹೊರಡುವಾಗ, ಐವತ್ತು ವರ್ಷದಿಂದ ಮದುವೆ ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಕಂಡಕಂಡವರಿಗೆಲ್ಲ ಹೇಳುತ್ತ ಬಂದದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದೆ: ಒಂದು ಸಲ ಮನೆಗೆ ಬನ್ನಿ. ನಮ್ಮಲ್ಲಿ ಅದು ಮಾತು ಮುಗಿಸುವ ರೀತಿ. ಎದುರಿನವರು ಖಂಡಿತ ಬರ್ತೀವಿ ಅನ್ನುತ್ತಾರೆ, ಯಾರೂ ಬರುವುದಿಲ್ಲ. ಆಕೆ ಹಾಗೆ ಅನ್ನಲಿಲ್ಲ. ಸ್ವಲ್ಪ ಯೋಚಿಸಿ, ಯಾವಾಗ ಬರಲಿ ಎಂದು ಕೇಳಿದರು. ಮ್ಯಾನರ್ಸ್ ಬಿಡಲಾಗದೆ, ಯಾವಾಗ ಬೇಕಾದರೂ ಎಂದೆ.

"ಮಗು ಅಲ್ಲಿರುತ್ತದೆಯೇ?"

"ಅವಳದೇ ಮನೆ."

"ಹಾಗಾದರೆ ಬರುತ್ತೇನೆ."

ನಾನು ವಿಳಾಸ ಕೊಟ್ಟಿರಲಿಲ್ಲ, ನಾವು ಯಾವ ದೇಶದಲ್ಲಿದ್ದೇವೆ ಎಂದೂ ಹೇಳಿರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಇದನ್ನು ಹೇಳಿದಾಗ ವಿದ್ಯಾ ನಕ್ಕಳು. "ಅಮ್ಮ, ಇಲ್ಲಿ ಯಾರನ್ನೂ ಹಾಗೆ ಸುಮ್ಮನೆ ಕರೀಬಾರ್ದು. ಸೀರಿಯಸ್ಸಾಗಿ ತಗೊಂಡು ಕ್ಯಾಲೆಂಡರ್‌ನಲ್ಲಿ ಹಾಕ್ಕೋತಾರೆ."

"ಇನ್ನೆರಡು ದಿನ ಇದ್ದಿದ್ರೆ ಅತ್ತೆ ಲೇಕ್‌ನ ಮೀನುಗಳನ್ನೂ ಊಟಕ್ಕೆ ಕರೀತಿದ್ರು," ಎಂದ ಪ್ರಸನ್ನ. ನಾನೂ ನಕ್ಕೆ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ, ನಾಲ್ಕು ಗಂಟೆಯಿರಬೇಕು, ನಾನು ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದೆ. ಇಳಾ ಹಾಲ್‌ನಲ್ಲಿ ಚಿತ್ರ ಬರೆಯುತ್ತಿದ್ದಳು. ಬೆಲ್ಲಾಯಿತು. ನಮ್ಮದು ಮೂರನೆಯ ಮಹಡಿ. ಬಂದವರ ದನಿ ರಿಸೀವರಿನಲ್ಲಿ ಕೇಳಿ, ಗುಂಡಿ ಒತ್ತಿದರೆ ಕೆಳಗಿನ ಬಾಗಿಲು ತೆರೆಯುತ್ತದೆ. ಇಳಾ ಓಡಿಹೋಗಿ ಎತ್ತಿಕೊಂಡಳು, ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಗುಂಡಿ ಒತ್ತಿದ ಸದ್ದೂ ಕೇಳಿತು. ಯಾರು ಎಂದು ಕೂಗಿದೆ. ನಿನ್ನ ಫ್ರೆಂಡ್ ಎಂದಳು. ಪಕ್ಕದ ಬೀದಿಯ ಮೈಸೂರಿನವರಿರಬೇಕು ಎಂದುಕೊಂಡು ಕೈ ತೊಳೆದು ಬಂದೆ.

ಬಾಗಿಲು ತೆರೆದಿತ್ತು. ಮಗು ಇರಲಿಲ್ಲ.

ಮಂಡಿ ನೋವು ಮರೆತು ಮೆಟ್ಟಿಲಿಳಿದೆ. ಬರಿಗಾಲಿಗೆ ಮೆಟ್ಟಿಲು ಒದ್ದೆ ಒದ್ದೆ ತಗುಲುತ್ತಿತ್ತು, ಹೊರಗೆ ಒಣಬಿಸಿಲು. ಇಳಾ ಬೀದಿಬಾಗಿಲಿನ ಹೊಸ್ತಿಲಾಚೆ ಸಾಕ್ಸಿನಲ್ಲೇ ನಿಂತಿದ್ದಳು. ಅವಳ ಬಲಗೈ ಮೇಲಕ್ಕೆ, ಸ್ವಲ್ಪ ಪಕ್ಕಕ್ಕೆ ಎತ್ತಿಕೊಂಡಿತ್ತು, ಎತ್ತರದವರು ಹಿಡಿದುಕೊಂಡಾಗ ಮಗುವಿನ ಕೈ ಇರುತ್ತದಲ್ಲ, ಹಾಗೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಎಡಗೈ ಹಿಡಿದು ಎಳೆದೆ. ಬರಲಿಲ್ಲ. ಆರು ವರ್ಷದ ಮಗುವಿನಲ್ಲಿ ಅಷ್ಟು ಭಾರ ಇರುವುದಿಲ್ಲ.

ನನ್ನ ಕಡೆ ತಿರುಗದೆ ಅವಳು ಹೇಳಿದಳು, ಅಲ್ಲಿಯವರೆಗೆ ಒಂದು ವಾಕ್ಯವನ್ನೂ ಪೂರ್ತಿ ಆಡದ ಕನ್ನಡದಲ್ಲಿ: "ಅಜ್ಜಿ, ನೀನು ಕರೆದೆ, ಅವರು ಬಂದರು. ಈಗ ನಾವು ಅವರ ಮನೆಗೆ ಹೋಗಬೇಕಂತೆ."

ಬೇಡ ಎಂದು ಕಿರುಚಬೇಕಿತ್ತು. ದೇವರನ್ನು ಕೂಗಬೇಕಿತ್ತು. ಆದರೆ ಕರೆದವರಿಗೆ ಇಲ್ಲ ಎಂದು ಹೇಳಿ ಅಭ್ಯಾಸವೇ ಇಲ್ಲದ ನಾಲಗೆ. ಆ ಖಾಲಿ ಜಾಗಕ್ಕೆ ನಾನು ಅಂದದ್ದು, "ನಾಟ್ ಟುಡೇ. ಸಮ್ ಅದರ್ ಟೈಮ್, ಪ್ಲೀಸ್."

ಇಳಾಳ ಬಲಗೈ ತಟ್ಟನೆ ಕೆಳಗೆ ಬಿತ್ತು. "ಸರಿಯಂತೆ," ಎಂದಳು. ಆಮೇಲೆ ಜರ್ಮನ್‌ನಲ್ಲಿ ಹಸಿವು ಎಂದಳು.

ಅಂದು ಸಂಜೆ ವಿದ್ಯಾಳಿಗೆ, ಮಗು ಬಾಗಿಲು ತೆರೆದು ಹೊರಗೆ ಹೋಗಿತ್ತು ಎಂದಷ್ಟೇ ಹೇಳಿದೆ. ಕೊರಿಯರ್‌ನವನಿರಬೇಕು ಎಂದಳು. ಇಳಾಗೆ ಈಗ ಅದೊಂದೂ ನೆನಪಿಲ್ಲ. ನಾನು ಮಾತ್ರ ಬದಲಾದೆ. ಯಾರಾದರೂ ಮನೆಗೆ ಕರೆದರೆ ಮುಖದ ಮೇಲೇ ಬರುವುದಿಲ್ಲ ಎನ್ನುತ್ತೇನೆ. ವಯಸ್ಸಾದ ಮೇಲೆ ಜಂಬ ಬಂದಿದೆ ಎಂದು ಇಲ್ಲಿಯ ಕನ್ನಡದವರು ಆಡಿಕೊಳ್ಳುತ್ತಾರೆ. ಸಮ್ ಅದರ್ ಟೈಮ್ ಎಂದು ಅಂದು ಆಡಿದ ಮಾತನ್ನು ಹಿಂತೆಗೆದುಕೊಳ್ಳೋಣವೆಂದರೆ ಯಾರ ಮುಂದೆ ಹೋಗಿ ಹೇಳಲಿ? ನಾನು ತಪ್ಪಿಸಿದೆನೋ, ಬರೀ ಮುಂದಕ್ಕೆ ಹಾಕಿದೆನೋ, ನನಗೆ ತಿಳಿಯದು.

ಕಳೆದ ವಾರ ಇಳಾಳ ಶಾಲೆಯಿಂದ ಕಾಗದ ಬಂತು. ಇಡೀ ಕ್ಲಾಸು ಐದು ದಿನ ಒಂದು ಸರೋವರದ ದಂಡೆಯ ಹಾಸ್ಟೆಲ್ಲಿಗೆ ಹೋಗುತ್ತದೆ. ಕಳಿಸಬೇಡ ಎಂದೆ, ಕಾರಣ ಕೇಳಿದಾಗ ಮೊದಲ ಬಾರಿಗೆ ಎಲ್ಲ ಹೇಳಿದೆ. ವಿದ್ಯಾ ನನ್ನ ಕೈ ಹಿಡಿದುಕೊಂಡಳು. "ಅಮ್ಮ, ಅವಳಿಗೀಗ ಈಜು ಬರುತ್ತೆ," ಎಂದು ಕಾಗದಕ್ಕೆ ಸಹಿ ಹಾಕಿದಳು. ಜೊತೆಗೆ ಅಜ್ಜಿಯೂ ಬರಬಹುದೇ ಎಂದು ನಾನೇ ಟೀಚರಿಗೆ ಬರೆದೆ. ಸಾಧ್ಯವಿಲ್ಲ ಎಂದು ತುಂಬ ಪೊಲೈಟಾಗಿ ಉತ್ತರ ಬಂತು.

ಇವತ್ತು ಸೋಮವಾರ. ಗುರುವಾರ ಬೆಳಿಗ್ಗೆ ಏಳಕ್ಕೆ ಬಸ್ಸು. ಇಳಾ ಆಗಲೇ ಬ್ಯಾಗು ಜೋಡಿಸಿಕೊಂಡಿದ್ದಾಳೆ.